ಏಣಿ ಮುರಿಯುವುದು ತೂತಿನಲ್ಲಿ: ನನ್ನ ಅನುಭವ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಏಣಿ ಮಾಡುವುದು ಮೂರು ತಲೆಮಾರಿನ ಕೆಲಸ. ಅಜ್ಜ ಹೆಬ್ಬಿದಿರಿನಲ್ಲಿ ಮಾಡಿದರು. ಅಪ್ಪ ಅದೇ ಬಿದಿರಿಗೆ ಕಬ್ಬಿಣದ ಸರಳು ಸೇರಿಸಿದರು. ನಾವು ಅಣ್ಣತಮ್ಮಂದಿರು ಈಗ ಹೆಚ್ಚಾಗಿ ಅಲ್ಯೂಮಿನಿಯಂನಲ್ಲಿ ಮಾಡುತ್ತೇವೆ. ರಿಪೇರಿಗೆ ಬಂದ ಏಣಿಗಳನ್ನು ನೋಡುತ್ತಾ ಬಂದರೆ, ಯಾವ ಕಾಲದ್ದೇ ಆಗಲಿ, ಗಳದ, ಅಂದರೆ ಏಣಿಯ ಉದ್ದ ಕೋಲಿನ, ನಡುವೆ ಮುರಿದದ್ದು ಅಪರೂಪ. ಮೆಟ್ಟಿಲು ಕೂತ ತೂತಿನಲ್ಲೇ ಸೋತಿರುತ್ತದೆ. ಹಾಗಾಗಿ ಇಲ್ಲಿ ಹೆಚ್ಚು ಬರೆಯುವುದು ತೂತಿನ ಬಗ್ಗೆಯೇ.

ಅಡಿಕೆ ಗೊನೆ ಇಳಿಸುವ ಕೊನೆಗಾರರು ಕಾಲಿಗೆ ತಳೆ, ಅಂದರೆ ಹಗ್ಗದ ಬಳೆ, ಹಾಕಿ ಮರ ಹತ್ತುತ್ತಾರೆ, ಅವರಿಗೆ ಏಣಿ ಬೇಕಿಲ್ಲ. ನಮ್ಮಲ್ಲಿ ಏಣಿ ಕೇಳುವುದು ಕಾಳುಮೆಣಸು ಕೊಯ್ಯುವವರು. ಅಡಿಕೆ ಮರಕ್ಕೂ ಸಿಲ್ವರ್ ಓಕಿಗೂ ಹಬ್ಬಿದ ಬಳ್ಳಿಗೆ 20 ಅಡಿಯದೇ ಹೆಚ್ಚು ಹೋಗುತ್ತದೆ.

ಬಿದಿರು ಕಡಿಯಲು ನವೆಂಬರಿನಿಂದ ಜನವರಿ ಸರಿಯಾದ ಕಾಲ. ಮಳೆಗಾಲದಲ್ಲಿ ಕಳಲೆ ಎಬ್ಬಿಸಿ ಬೆಳೆಸುವುದಕ್ಕೆ ಮೆಳೆಯ, ಅಂದರೆ ಬಿದಿರಿನ ಗುಂಪಿನ, ಹಿಟ್ಟಿನಂಶ ಖರ್ಚಾಗಿರುತ್ತದೆ, ಬೇಸಿಗೆಗೆ ಮತ್ತೆ ತುಂಬಿಕೊಳ್ಳುತ್ತದೆ. ಕುಟ್ಟೆ ಹುಳ ಬರುವುದು ಆ ಹಿಟ್ಟಿಗೆ. ಗಳಕ್ಕೆ ಮೂರು ನಾಲ್ಕು ವರ್ಷ ಆಗಿರಬೇಕು. ಗಿಣ್ಣಿನಲ್ಲಿ ಹಾಳೆ ಉಳಿದಿದ್ದರೆ, ಮೈಮೇಲೆ ಬಿಳಿ ಪುಡಿ ಇದ್ದರೆ ಅದು ಎಳೆಯದು, ಒಣಗಿದಾಗ ಸುಕ್ಕಾಗುತ್ತದೆ. ಕತ್ತಿಯ ಬೆನ್ನಿನಿಂದ ಬಡಿದರೆ ಗಟ್ಟಿ ಸದ್ದು ಬರಬೇಕು. ಬುಡದಲ್ಲಿ ಮೂರು ಇಂಚು ದಪ್ಪ, ಗೋಡೆ ಅರ್ಧ ಇಂಚು ಇದ್ದರೆ ಸಾಕು. ಕಡಿದದ್ದನ್ನು ಹರಿಯುವ ಹಳ್ಳದಲ್ಲಿ ಕಲ್ಲು ಹೇರಿ ಮೂರು ವಾರ ಮುಳುಗಿಸಿಡುತ್ತೇವೆ.

ಜೋಡಿ ಹೊಂದಿಸುವುದೇ ಬಿದಿರಿನ ಏಣಿಯ ಅರ್ಧ ಕೆಲಸ. ಎರಡು ಗಳದ ಗಿಣ್ಣುಗಳು ಆದಷ್ಟೂ ಒಂದೇ ಎತ್ತರಕ್ಕೆ ಬರಬೇಕು, ಅದಕ್ಕೇ ಒಂದೇ ಮೆಳೆಯ ಹತ್ತು ಹದಿನೈದು ಗಳ ಸಾಲಾಗಿ ಮಲಗಿಸಿ ಆರಿಸುತ್ತೇವೆ. ತೂತು ಗಿಣ್ಣಿನಿಂದ ಎರಡು ಇಂಚು ಮೇಲೆ. ಗಿಣ್ಣಿನ ಒಳಗಿನ ತಡೆ ಸೀಳನ್ನು ಅಲ್ಲೇ ನಿಲ್ಲಿಸುತ್ತದೆ. ಗಿಣ್ಣು ದೂರವಾದ ಕಡೆ ತೂತಿನ ಮೇಲೂ ಕೆಳಗೂ ಜಿಐ ತಂತಿಯನ್ನು ಐದು ಸುತ್ತು ಬಿಗಿಯಲೇಬೇಕು. ತೂತಿನ ಅಗಲ ಗಳದ ದಪ್ಪದ ಮೂರನೇ ಒಂದು ಪಾಲು ಮೀರಬಾರದು, ಅಂದರೆ ಮೂರು ಇಂಚಿನ ಗಳಕ್ಕೆ ಒಂದೇ ಇಂಚು. ಅಜ್ಜ ಬೈರಿಗೆಯಲ್ಲಿ ಸಣ್ಣ ತೂತು ಕೊರೆದು, ಕೆಂಪಗೆ ಕಾಯಿಸಿದ ಸರಳಿನಿಂದ ಸುಟ್ಟು ಅಳತೆಗೆ ತರುತ್ತಿದ್ದರು. ಸುಟ್ಟ ಅಂಚಿನಿಂದ ಸೀಳು ಹೊರಡುವುದು ಕಡಿಮೆ, ಈಗಲೂ ಬಿದಿರಿಗೆ ನಾವು ಹಾಗೇ ಮಾಡುತ್ತೇವೆ.

ತೂತು ಹೊಡೆದ ಮೇಲೆಯೇ ಔಷಧಿ. 100 ಲೀಟರ್ ನೀರಿಗೆ 3 ಕೆಜಿ ಬಿಳಿಗಾರ, ಅಂದರೆ ಬೋರಾಕ್ಸ್, ಮತ್ತು 2 ಕೆಜಿ ಬೋರಿಕ್ ಆಸಿಡ್. ಇದರಲ್ಲಿ ಒಂದು ವಾರ ಮುಳುಗಿಸಿಡಬೇಕು. ಬಿದಿರಿನ ಹೊರಮೈ ದ್ರಾವಣ ಹೀರುವುದಿಲ್ಲ, ತೂತಿನ ಮೂಲಕ ಒಳಕ್ಕೆ ಹೋಗಿಯೇ ಹಿಡಿಯಬೇಕು. ಮಳೆಗೆ ಈ ಔಷಧಿ ತೊಳೆದು ಹೋಗುವುದರಿಂದ ಏಣಿ ಪೂರ್ತಿಯಾದ ಮೇಲೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಎರಡು ಕೈ ಬಳಿಯುತ್ತೇವೆ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಡುತ್ತದೆ, ಕೈಗವಸು ಬೇಕು.

ಮೆಟ್ಟಿಲಿಗೆ ದಡಸಲು ಮರ. ಕತ್ತಿ, ಗುದ್ದಲಿಗಳ ಹಿಡಿಗೆ ಅದನ್ನೇ ಹಾಕುವುದು ಅದರ ಜಿಗುಟಿಗಾಗಿ. ಮೆಟ್ಟಿಲು ಒಲೆಯ ಮೇಲಿನ ಅಟ್ಟದಲ್ಲಿ ಪೂರ್ತಿ ಒಣಗಿರಬೇಕು, ಗಳ ಮಾತ್ರ ಮುಕ್ಕಾಲು ಒಣಗಿರಬೇಕು. ಗಳ ಆಮೇಲೆ ಕುಗ್ಗಿ ಮೆಟ್ಟಿಲನ್ನು ಕಚ್ಚಿಕೊಳ್ಳುತ್ತದೆ. ಇದು ತಿರುಗಾಮುರುಗಾ ಆದರೆ ಒಂದೇ ಬೇಸಿಗೆಗೆ ಎಲ್ಲ ಮೆಟ್ಟಿಲೂ ಗಿರಗಿರ ತಿರುಗುತ್ತವೆ. ಬೆಣೆ ಹೊಡೆದು ಬಿಗಿ ಮಾಡಹೋದರೆ ಗಳ ಸೀಳುತ್ತದೆ. ಅಪ್ಪ ಇದಕ್ಕೆ ಕಂಡುಕೊಂಡ ದಾರಿ, ಐದು ಮೆಟ್ಟಿಲಿಗೊಂದರಂತೆ ಮೆಟ್ಟಿಲ ಕೆಳಗೆ 6 ಎಂಎಂ ಸರಳು ಹಾಯಿಸಿ ಎರಡೂ ಕಡೆ ವಾಷರ್ ಇಟ್ಟು ನಟ್ ಬಿಗಿಯುವುದು. ಪ್ರತಿ ಬೇಸಿಗೆ ಅರ್ಧ ಸುತ್ತು ಬಿಗಿದರೆ ಸಾಕು.

ಹೆಬ್ಬಿದಿರು ನಲವತ್ತು ಐವತ್ತು ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಹೂ ಬಿಟ್ಟು ಸಾಯುತ್ತದೆ. ಸುತ್ತಲಿನ ಮೆಳೆಗಳು ಹಾಗೆ ಹೋದಾಗ ನಾವು ಅಲ್ಯೂಮಿನಿಯಂ ಹಿಡಿದೆವು. 50 ಎಂಎಂ ಪೈಪು, ಗೋಡೆ 2 ಎಂಎಂ, 6063 ಗ್ರೇಡು, ಟಿ6 ಹದ, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು. ಮೆಟ್ಟಿಲಿಗೆ 25 ಎಂಎಂ ಪೈಪು, ಒಂದಡಿಗೊಂದು. 20 ಅಡಿಯ ಏಣಿ 12 ಕೆಜಿ ಬರುತ್ತದೆ, ಬಿದಿರಿನದು 25 ಕೆಜಿ ಹತ್ತಿರ. ದಿನಕ್ಕೆ ಐವತ್ತು ಬಾರಿ ಮರದಿಂದ ಮರಕ್ಕೆ ಹೊರುವವರಿಗೆ ಆ ವ್ಯತ್ಯಾಸ ತುಂಬಾ ದೊಡ್ಡದು.

ಮೊದಲು ನಾವು ಮೆಟ್ಟಿಲನ್ನು ವೆಲ್ಡ್ ಮಾಡಿದೆವು, ಅದು ತಪ್ಪು. ವೆಲ್ಡಿಂಗಿನ ಕಾವಿಗೆ ಟಿ6 ಹದ ಇಳಿದು ಬೆಸುಗೆಯ ಸುತ್ತಲಿನ ಲೋಹ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಬೆಸುಗೆ ಗಟ್ಟಿಯಾಗೇ ಇರುತ್ತದೆ, ಪಕ್ಕದಲ್ಲಿ ಕೂದಲೆಳೆಯಂತೆ ಬಿರುಕು ಹುಟ್ಟುತ್ತದೆ. ಈಗ ಮೆಟ್ಟಿಲನ್ನು ಗಳದಲ್ಲಿ ಹಾಯಿಸಿ, ಗಳದ ಒಳಮಗ್ಗುಲಿಗೂ ಹೊರಮಗ್ಗುಲಿಗೂ ಪ್ರೆಸ್ಸಿನಲ್ಲಿ ಒತ್ತಿ ಬಳೆಯಂತೆ ಉಬ್ಬಿಸುತ್ತೇವೆ. ತೂತು ಕೊರೆದ ಅಂಚನ್ನು ಅರದಿಂದ ನಯ ಮಾಡದೆ ಮೆಟ್ಟಿಲು ತೂರಿಸುವುದಿಲ್ಲ, ಒರಟು ಅಂಚೇ ಬಿರುಕಿನ ಬೇರು.

ತೂತು ಗಳದ ಮಗ್ಗುಲಲ್ಲಿರುವುದಕ್ಕೂ ಕಾರಣವಿದೆ. ಏಣಿ ಮರದ ಕಡೆಗೆ ಬಾಗುವಾಗ ಗಳದ ಒಂದು ಮುಖ ಎಳೆತಕ್ಕೂ ಎದುರಿನ ಮುಖ ಒತ್ತಡಕ್ಕೂ ಸಿಗುತ್ತದೆ, ಮಗ್ಗುಲಿಗೆ ಎರಡೂ ಕಡಿಮೆ. ಒಂದೇ ಗಳಕ್ಕೆ ಎರಡೂ ಬದಿ ಮೆಟ್ಟಿಲು ಚಾಚಿದ ಒಂಟಿ ಗಳದ ಏಣಿ ಮರದ ಮೇಲೆ ಹೊರಳಿಕೊಂಡರೆ ತೂತು ನೇರ ಎಳೆತದ ಮುಖಕ್ಕೆ ಬರುತ್ತದೆ. ಒಂಟಿ ಗಳ ಮುರಿದದ್ದನ್ನು ನೋಡಿದಾಗೆಲ್ಲ ಕಾರಣ ಇದೇ. ತುದಿಯನ್ನು ಮರಕ್ಕೆ ಹಗ್ಗದಿಂದ ಕಟ್ಟದೆ ಅದನ್ನು ಹತ್ತಲೇಬಾರದು. ಎರಡು ಗಳದ ಏಣಿಗೆ 20 ಅಡಿ ಎತ್ತರಕ್ಕೆ ಬುಡ 5 ಅಡಿ ಆಚೆ ಇರಲಿ. ತೋಟದ ಕೆಸರಿಗೆ ರಬ್ಬರ್ ಬುಡ ಜಾರುತ್ತದೆ, ಕಬ್ಬಿಣದ ಮೊನೆ ಹಾಕಿಸಿಕೊಳ್ಳಬೇಕು. ವಿದ್ಯುತ್ ತಂತಿ ಹಾದ ಸಾಲಿಗೆ ಅಲ್ಯೂಮಿನಿಯಂ ಏಣಿ ಒಯ್ಯಲೇಬೇಡಿ. ಒದ್ದೆ ಬಿದಿರೂ ಅಲ್ಲಿ ಕಾಪಾಡುವುದಿಲ್ಲ.

ಪ್ರತಿ ಏಣಿಯನ್ನೂ ಎರಡೂ ತುದಿಗೆ ಒಂದಡಿ ಬಿಟ್ಟು ಕಟ್ಟೆಗಳ ಮೇಲೆ ಮಲಗಿಸಿ ನಡುವೆ 50 ಕೆಜಿ ಮರಳಿನ ಚೀಲ ಇಡುತ್ತೇವೆ. 20 ಅಡಿಯದು ಐದೂವರೆ ಇಂಚಿನಷ್ಟು ಬಾಗುತ್ತದೆ. ಚೀಲ ತೆಗೆದಾಗ ಪೂರ್ತಿ ವಾಪಸ್ ಬರದಿದ್ದರೆ ಮಾರುವುದಿಲ್ಲ.

ಮಲೆನಾಡಿನಲ್ಲಿ ಅಲ್ಯೂಮಿನಿಯಂಗೆ ದೊಡ್ಡ ಶತ್ರು ಮಳೆಯಲ್ಲ, ಬೋರ್ಡೋ ದ್ರಾವಣ. ಕೊಳೆ ರೋಗಕ್ಕೆ ಹೊಡೆಯುವ ಶೇ. 1ರ ದ್ರಾವಣದಲ್ಲಿ 100 ಲೀಟರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ ಇರುತ್ತದೆ. ಸುಣ್ಣ ಕಡಿಮೆಯಾದರೆ ಕತ್ತಿಯ ಮೇಲೆ ತಾಮ್ರ ಕೂರುವಂತೆ ಏಣಿಯ ಮೇಲೂ ಕೂರುತ್ತದೆ, ಅದರ ಕೆಳಗೆ ಅಲ್ಯೂಮಿನಿಯಂ ಚುಕ್ಕಿ ಚುಕ್ಕಿಯಾಗಿ ಕೊರೆದುಹೋಗುತ್ತದೆ. ಸುಣ್ಣ ಹೆಚ್ಚಾದರೆ ಸುಣ್ಣವೇ ತಿನ್ನುತ್ತದೆ. ದ್ರಾವಣ ನಿಲ್ಲುವುದು ಮೆಟ್ಟಿಲಿನ ಬಳೆಯ ಸಂದಿನಲ್ಲಿ, ಅಂದರೆ ಮತ್ತೆ ತೂತಿನ ಬಾಯಲ್ಲೇ. ಅದೇ ಸಂಜೆ ನೀರು ಹೊಯ್ದು ಬ್ರಷ್ಷಿನಲ್ಲಿ ಆ ಸಂದುಗಳನ್ನು ಉಜ್ಜಬೇಕು.

ಬಳೆಯ ಹತ್ತಿರ ಬಿರುಕು ಕಂಡ ಏಣಿಗೆ ನಾವು ವೆಲ್ಡ್ ಹಾಕಿ ಕೊಡುವುದಿಲ್ಲ, ಎಷ್ಟೇ ಕೇಳಿದರೂ. ಬಿರುಕಿನ ಜಾಗ ಬಿಟ್ಟು ಕೆಳಗೆ ಕೊಯ್ದು ಮೊನೆ ಕೂರಿಸುತ್ತೇವೆ, 20 ಅಡಿಯದು 12 ಅಡಿಯಾಗಿ ಅದೇ ತೋಟಕ್ಕೆ ವಾಪಸ್ ಹೋಗುತ್ತದೆ.