ಸಂತರ್ಪಣೆಯ ಊಟದಲ್ಲಿ ಸೇವಾ ಸಂಸ್ಥೆಯ ಪೂರ್ಣ ಪರಿಚಯ ಪಡೆಯುವ ಬಗೆ

ಊರಿನ ಸೇವಾ ಸಂಸ್ಥೆಯೊಂದು ಸಾಮೂಹಿಕ ಭೋಜನಕ್ಕೆ ಕರೆದಾಗ ಉಂಡು, ಕೈತೊಳೆದು, ಕಾಣಿಕೆ ಹಾಕಿ ಹಿಂದಿರುಗುವವರೇ ಹೆಚ್ಚು. ವರ್ಷದ ಉಳಿದ ದಿನಗಳಲ್ಲಿ ಆ ಸಂಸ್ಥೆ ಏನು ಮಾಡುತ್ತದೆ ಎಂಬುದನ್ನು ಅರಿಯಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದು ಕಷ್ಟ. ತುಮಕೂರಿನ ಸಿದ್ಧಗಂಗಾ ಮಠವನ್ನೇ ನೋಡಬಹುದು. ಮೊದಲ ಸಲ ಹೋದವರ ಕಣ್ಣಿಗೆ ಬೀಳುವುದು ದಾಸೋಹದ ಪಂಕ್ತಿ. ಆದರೆ ಆ ಒಲೆಯ ಅನ್ನವನ್ನು ದಿನವೂ ಉಣ್ಣುವವರಲ್ಲಿ ಹೆಚ್ಚಿನವರು ಅಲ್ಲಿಯೇ ಜಾತಿಮತಗಳ ಭೇದವಿಲ್ಲದೆ ಉಚಿತ ವಸತಿ ಮತ್ತು ವಿದ್ಯೆ ಪಡೆಯುತ್ತಿರುವ ಸಾವಿರಾರು ಮಕ್ಕಳು. 1963ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು, ಶಿವರಾತ್ರಿಯ ವೇಳೆಗೆ ಜಾತ್ರೆಯೊಡನೆ ನಡೆಯುವ ದನಗಳ ಪರಿಷೆ ಮತ್ತು ವಸ್ತುಪ್ರದರ್ಶನ, ಇವೂ ಆ ಪರಂಪರೆಗೇ ಸೇರಿದವು. 2019ರಲ್ಲಿ, ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಅನ್ನ ಮತ್ತು ಅಕ್ಷರ ಒಂದೇ ಕೆಲಸದ ಎರಡು ಭಾಗಗಳಾಗಿ ಬೆಳೆದವು.

ಸಣ್ಣ ಸಂಸ್ಥೆಗಳಲ್ಲಿಯೂ ಇಂಥ ನಂಟನ್ನು ಹುಡುಕಬೇಕಾದದ್ದು ಅಡುಗೆಮನೆಯಲ್ಲಿ. ವೇದಿಕೆಯ ಮೇಲೆ ಅದು ಸಿಗುವುದು ಅಪರೂಪ. ಆದ್ದರಿಂದ ಊಟದ ಹೊತ್ತಿಗಿಂತ ಒಂದೆರಡು ಗಂಟೆ ಮೊದಲೇ ಹೋಗಿ, ತರಕಾರಿ ಹೆಚ್ಚಲು ಅಥವಾ ಎಲೆ ಹಾಕಲು ಸೇರಿಕೊಳ್ಳಿ. ಉಗ್ರಾಣ ನೋಡಿಕೊಳ್ಳುವವರ ಬಳಿ, ಈ ಒಲೆ ಇಂದು ಮಾತ್ರ ಉರಿಯುತ್ತದೆಯೇ, ದಿನವೂ ಉರಿಯುತ್ತದೆಯೇ, ದಿನವೂ ಎಂದಾದರೆ ಉಣ್ಣುವವರು ಯಾರು, ಅಕ್ಕಿಬೇಳೆ ಎಲ್ಲಿಂದ ಬರುತ್ತದೆ ಎಂದು ವಿಚಾರಿಸಿ. ಇಷ್ಟರಲ್ಲಿಯೇ ವಿದ್ಯಾರ್ಥಿನಿಲಯವೋ, ವೃದ್ಧಾಶ್ರಮವೋ, ರೋಗಿಗಳ ಕಡೆಯವರಿಗೆ ಊಟ ಕಳುಹಿಸುವ ಏರ್ಪಾಡೋ ಇರುವುದು ತಿಳಿದುಬರುತ್ತದೆ.

ಪಂಕ್ತಿಯಲ್ಲಿ ಪರಿಚಿತರ ಪಕ್ಕದಲ್ಲಿಯೇ ಕೂರಬೇಡಿ. ಬಡಿಸುತ್ತಿರುವ ಕಾರ್ಯಕರ್ತರು ತಮ್ಮ ಪಂಕ್ತಿಗೆ ಕೂರುವುದು ಸಾಮಾನ್ಯವಾಗಿ ಕೊನೆಯಲ್ಲಿ. ಸಾಧ್ಯವಾದರೆ ನೀವೂ ಅಲ್ಲಿಯವರೆಗೆ ಕಾದು ಅವರೊಡನೆ ಉಣ್ಣಿ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ನೀವು ಈ ಸಂಸ್ಥೆಗೆ ಮೊದಲು ಬಂದದ್ದು ಯಾವ ಕೆಲಸಕ್ಕಾಗಿ? ಒಬ್ಬರು ಹೊಲಿಗೆ ತರಬೇತಿಗೆ, ಇನ್ನೊಬ್ಬರು ಕಣ್ಣಿನ ತಪಾಸಣೆಗೆ, ಮತ್ತೊಬ್ಬರು ಮಗನ ಶುಲ್ಕಕ್ಕೆಂದು ಬಂದವರಾಗಿದ್ದರೆ, ಅಧ್ಯಕ್ಷರ ಭಾಷಣದಲ್ಲಿ ಬಾರದ ವಿವರಗಳು ಅಲ್ಲಿಯೇ ಸಿಗುತ್ತವೆ. ಆದರೆ ನೆರವು ಪಡೆದವರಿಂದ ಅವರ ಕಷ್ಟದ ಕಥೆ ಹೇಳಿಸುವುದು, ಉಣ್ಣುತ್ತಿರುವ ಮಕ್ಕಳ ಫೋಟೋ ತೆಗೆಯುವುದು ಸಲ್ಲದು. ಎಲೆಯ ಮುಂದೆ ಕುಳಿತವರು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಲೆಕ್ಕ ಒಪ್ಪಿಸಬೇಕಾದದ್ದು ಸಂಸ್ಥೆ. ವಾರ್ಷಿಕ ವರದಿಯನ್ನೂ ಲೆಕ್ಕಪರಿಶೋಧಕರು ಸಹಿ ಮಾಡಿದ ಆಯವ್ಯಯ ಪಟ್ಟಿಯನ್ನೂ ಸಂಕೋಚವಿಲ್ಲದೆ ಕೇಳಿ. ಸಂಸ್ಥೆಯು ಟ್ರಸ್ಟ್ ಆಗಿದ್ದರೆ ಟ್ರಸ್ಟ್ ಪತ್ರದಲ್ಲಿ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿಯ ಸಂಘವಾಗಿದ್ದರೆ ಅದರ ಜ್ಞಾಪನಾಪತ್ರದಲ್ಲಿ ಉದ್ದೇಶಗಳು ದಾಖಲಾಗಿರುತ್ತವೆ. ಹತ್ತು ಉದ್ದೇಶ ಬರೆದುಕೊಂಡು ಹಣವನ್ನೆಲ್ಲ ಒಂದಕ್ಕೇ ಖರ್ಚು ಮಾಡಿದ್ದರೆ ಅದು ತಪ್ಪೇನೂ ಅಲ್ಲ, ಕಾರಣವನ್ನು ಮಾತ್ರ ತಿಳಿದುಕೊಳ್ಳಬೇಕು. ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿಯೂ ಅನೇಕ ಸ್ವಯಂಸೇವಾ ಸಂಸ್ಥೆಗಳ ವಿವರಗಳಿವೆ.

ದೇಣಿಗೆ ಕೊಡುವ ಮನಸ್ಸಾದರೆ ರಸೀದಿ ಪಡೆಯಿರಿ. ಆದಾಯ ತೆರಿಗೆ ಕಾಯ್ದೆಯ ಹಳೆಯ ಸೆಕ್ಷನ್ ಸಂಖ್ಯೆಯಿಂದಾಗಿ ಜನರ ಬಾಯಲ್ಲಿ 80ಜಿ ಎಂದೇ ಉಳಿದಿರುವ, ದಾನಿಗಳಿಗೆ ಸಿಗುವ ತೆರಿಗೆ ರಿಯಾಯಿತಿ, 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ದೊರೆಯುವುದಿಲ್ಲ. ಅಕ್ಕಿ ಮೂಟೆಯಂತಹ ವಸ್ತುರೂಪದ ದಾನಕ್ಕೂ ದೊರೆಯುವುದಿಲ್ಲ. ಹಾಗೆಂದು ಅಕ್ಕಿ ಕೊಡುವುದನ್ನು ಬಿಡಬೇಕಾಗಿಲ್ಲ. ಉಗ್ರಾಣದಲ್ಲಿ ಯಾವುದು ಕಡಿಮೆಯಿದೆ ಎಂದು ಮೊದಲು ಕೇಳಿದರಾಯಿತು.

ಹೊರಡುವ ಮುನ್ನ, ಸಮಾರಂಭವಿಲ್ಲದ ದಿನವೊಂದನ್ನು ಗೊತ್ತುಮಾಡಿಕೊಂಡು, ಊಟದ ವೇಳೆ ಹೆಸರು ಕೇಳಿದ ಕೆಲಸಗಳಲ್ಲಿ ಯಾವುದಾದರೂ ಒಂದನ್ನು ನಡೆಯುವ ಜಾಗದಲ್ಲಿಯೇ ನೋಡಲು ಅನುಮತಿ ಕೇಳಿ.