ಪುಕ್ಕಟೆ ಸ್ಕ್ಯಾನಿಂಗ್‌ಗೆ ಹೋಗಿ ದುಬಾರಿ ಬಿಲ್ ಹೊತ್ತು ಬರಬೇಡಿ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಧಾರವಾಡದತ್ತ ಹೋಗುವ ಪಿ.ಬಿ. ರಸ್ತೆಯಲ್ಲೋ ಕಾರುಗಳಿಗೆ ‘ಉಚಿತ ಸ್ಕ್ಯಾನಿಂಗ್, ಉಚಿತ ಬ್ಯಾಟರಿ ಚೆಕ್’ ಎಂಬ ಬ್ಯಾನರ್ ಕಂಡರೆ ಧಾರಾಳವಾಗಿ ಹೋಗಿ. ಕಾರಿಗೆ ಅದರಿಂದ ನಷ್ಟವಿಲ್ಲ. ಆದರೆ ತಪಾಸಣೆ ಮಾಡುವವರೇ ಬಿಡಿಭಾಗ ಮಾರುವವರೂ ಆಗಿರುತ್ತಾರೆ. ಹಾಗಾಗಿ ಸ್ಕ್ಯಾನ್ ಮಾಡಿಸಿದ ದಿನವೇ ಖರೀದಿಗೆ ಒಪ್ಪಬೇಡಿ.

ಇದಕ್ಕೆ ಅಪವಾದಗಳಿವೆ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೋಷ ಸೂಚಿಸುವ ಲೈಟ್ ಮಿಟುಕದೆ ಒಂದೇ ಸಮನೆ ಉರಿಯುತ್ತಿದ್ದರೆ ನಿಧಾನವಾಗಿ ಓಡಿಸಿಕೊಂಡು ಹೋಗಬಹುದು. ಅದು ಮಿಟುಕುತ್ತಿದ್ದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ, ಆದ್ದರಿಂದ ಓಡಿಸಬೇಡಿ. ಆಯಿಲ್ ಒತ್ತಡದ ಕೆಂಪು ದೀಪ, ಎಂಜಿನ್ ಅತಿಯಾಗಿ ಕಾಯುವುದು, ಬ್ರೇಕ್ ಪೆಡಲ್ ಮೆತ್ತಗಾಗುವುದು ಇವೂ ತಡ ಮಾಡುವಂಥವಲ್ಲ.

ಹೋಗುವ ಮುನ್ನ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಲೈಟ್ ಯಾವಾಗ ಬಂತು, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಿದ್ದಾಗಲೋ, ಇತ್ತೀಚೆಗೆ ಏನು ರಿಪೇರಿಯಾಗಿತ್ತು. 2013ರ ಏಪ್ರಿಲ್ ನಂತರ ತಯಾರಾದ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ 16 ಪಿನ್ನಿನ ಒಬಿಡಿ-2 (ಕಾರು ತನ್ನ ದೋಷ ತಾನೇ ಗುರುತಿಸುವ ವ್ಯವಸ್ಥೆ) ಸಾಕೆಟ್ ಇರುತ್ತದೆ. ಸ್ಕ್ಯಾನರ್ ಸಿಗಿಸುವುದು ಅಲ್ಲಿಗೇ. ಪರದೆ ಮೇಲೆ ಮೂಡುವ ಕೋಡ್ (ದೋಷ ಸೂಚಿಸುವ ಅಕ್ಷರ-ಅಂಕಿ) ಮತ್ತು ಫ್ರೀಜ್ ಫ್ರೇಮ್ ಎರಡರ ಫೋಟೊ ತೆಗೆದುಕೊಳ್ಳಿ. ಫ್ರೀಜ್ ಫ್ರೇಮ್ ಎಂದರೆ ದೋಷ ಕಂಡ ಕ್ಷಣದ ವೇಗ, ಆರ್‌ಪಿಎಂ, ಕೂಲಂಟ್ ಬಿಸಿ ಇತ್ಯಾದಿಗಳ ದಾಖಲೆ. ‘ಕ್ಲಿಯರ್ ಮಾಡಬ್ಯಾಡ್ರಿ’ ಎಂದು ಮೊದಲೇ ಹೇಳಿಬಿಡಿ. ಕೋಡ್ ಅಳಿಸಿದರೆ ಈ ದಾಖಲೆಯೂ ಹೋಗುತ್ತದೆ. ರೋಗ ಅಲ್ಲೇ ಇರುತ್ತದೆ, ನಾಲ್ಕು ದಿನಕ್ಕೆ ಲೈಟ್ ಮತ್ತೆ ಬರುತ್ತದೆ.

ಮಾರಾಟದ ಒತ್ತಡ ಶುರುವಾಗುವುದು ಇಲ್ಲಿಂದಲೇ. ‘ಸರ, ಆಕ್ಸಿಜನ್ ಸೆನ್ಸರ್ ಹೋಗೇತ್ರಿ, ಇವತ್ತ ಹಾಕಿಸ್ರಿ, ನಾಳೆ ಆಫರ್ ಇರಂಗಿಲ್ರಿ.’ ಕೋಡ್ ಹೇಳುವುದು ತೊಂದರೆ ಯಾವ ಭಾಗದ ಕೆಲಸದಲ್ಲಿದೆ ಎಂದಷ್ಟೇ, ಯಾವ ವಸ್ತು ಕೆಟ್ಟಿದೆ ಎಂದಲ್ಲ. ಪಿ0171 ಬಂದರೆ ಎಂಜಿನ್‌ಗೆ ಗಾಳಿ ಹೆಚ್ಚಾಗಿ, ಇಂಧನ ಕಡಿಮೆಯಾಗಿ ಹೋಗುತ್ತಿದೆ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಸುದ್ದಿ ಮುಟ್ಟಿಸಿದೆ ಅಷ್ಟೇ. ಕಾರಣ ಬಿರುಕುಬಿಟ್ಟ ಗಾಳಿ ಪೈಪ್, ಸಡಿಲ ಕ್ಲಿಪ್, ಸೋತ ಫ್ಯೂಯಲ್ ಪಂಪ್ ಯಾವುದೂ ಇರಬಹುದು. ಪಿ0420 ಬಂದಾಗ ಕನ್ವರ್ಟರ್ ಬದಲಿಸಿ ಅನ್ನುತ್ತಾರೆ. ಅದು ಬಲು ದುಬಾರಿ; ಮೊದಲು ಸೈಲೆನ್ಸರ್ ಜೋಡಣೆಯಲ್ಲಿ ಹೊಗೆ ಸೋರುತ್ತಿದೆಯೇ ನೋಡಿಸಿ.

ಪಿ0301 (ಒಂದನೇ ಸಿಲಿಂಡರ್ ಮಿಸ್‌ಫೈರ್, ಅಂದರೆ ಸರಿಯಾಗಿ ಉರಿಯದಿರುವುದು) ಬಂದರೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಪ್ರತಿ ಸಿಲಿಂಡರಿಗೆ ಬೇರೆ ಕಾಯಿಲ್ (ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಇರುವ ಕಾರಿನಲ್ಲಿ ಇಗ್ನಿಷನ್ ಆಫ್ ಮಾಡಿ, ಎಂಜಿನ್ ತಣ್ಣಗಾದ ಮೇಲೆ 1 ಮತ್ತು 2ನೇ ಕಾಯಿಲ್‌ಗಳನ್ನು ಅದಲುಬದಲು ಮಾಡಿಸಿ. ಫೋಟೊ ಹೇಗೂ ಇದೆ, ಈಗ ಕೋಡ್ ಅಳಿಸಿ, ಸ್ವಲ್ಪ ದೂರ ಓಡಿಸಿ; ಲೈಟ್ ಮಿಟುಕಿದರೆ ಅಲ್ಲೇ ನಿಲ್ಲಿಸಿ. ಪಿ0302 ಬಂದರೆ ಕಾಯಿಲ್ ಕೆಟ್ಟಿದೆ. ಪಿ0301 ಅಲ್ಲೇ ಉಳಿದರೆ ಪ್ಲಗ್, ಅದೂ ಸರಿಯಿದ್ದರೆ ಇಂಧನ ಚಿಮ್ಮಿಸುವ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿಸಿ. ಇಷ್ಟು ಮಾಡದೆ ನಾಲ್ಕೂ ಕಾಯಿಲ್ ಮಾರುವವರಿದ್ದಾರೆ.

ಬ್ಯಾಟರಿ ಪರೀಕ್ಷೆಯಲ್ಲಿ ಎಡವುವವರು ಬಹಳ. ಕೈಯಲ್ಲಿ ಹಿಡಿಯುವ ಟೆಸ್ಟರಿಗೆ ಬ್ಯಾಟರಿ ಮೇಲೆ ಬರೆದ ಸಿಸಿಎ (ಚಳಿಯಲ್ಲಿ ಸ್ಟಾರ್ಟ್ ಮಾಡಲು ಅದು ಕೊಡಬಲ್ಲ ಕರೆಂಟ್) ಅಂಕಿಯನ್ನು ತುಂಬಬೇಕು. ಅದಕ್ಕಿಂತ ದೊಡ್ಡ ಅಂಕಿ ಹಾಕಿದರೆ ಗಟ್ಟಿ ಬ್ಯಾಟರಿಯನ್ನೂ ಯಂತ್ರ ‘ಬದಲಿಸಿ’ ಎನ್ನುತ್ತದೆ. ಏನು ತುಂಬುತ್ತಾರೆ ಎಂದು ಪಕ್ಕದಲ್ಲೇ ನಿಂತು ನೋಡಿ. ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಪೂರ್ತಿ ಚಾರ್ಜ್, 12.2 ಸುಮಾರು ಅರ್ಧ. ಸ್ಟಾರ್ಟ್ ಹೊಡೆಯುವಾಗ 9.6ಕ್ಕಿಂತ ಇಳಿಯಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ಇರಬೇಕು, ಕಡಿಮೆಯಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲೆ ಸಂಶಯ, ಹೊಸ ಬ್ಯಾಟರಿಯಿಂದ ಅದು ಸರಿಹೋಗದು. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೂ ಅಳತೆ ತಪ್ಪುತ್ತದೆ. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ, ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಹಳೆ ಬ್ರಷ್‌ನಿಂದ ಉಜ್ಜಿ ಒರೆಸಿ. ಜೋಡಿಸುವಾಗ ಪಾಸಿಟಿವ್ ಮೊದಲು.

ನಮ್ಮ ಕಡೆಯ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುವುದು ನಿಜ. ಆದರೆ ಬಿಚ್ಚಿಸಿ ಬೆಳಕಿಗೆ ಹಿಡಿದು ನೋಡಿಯೇ ಒಪ್ಪಿ. ಬ್ರೇಕ್ ಪ್ಯಾಡ್ ಸವೆದಿದೆ ಎಂದರೆ ಚಕ್ರ ಕಳಚಿ ತೋರಿಸಲಿ, 3 ಮಿ.ಮೀ. ಆಸುಪಾಸಿಗೆ ಬಂದಿದ್ದರೆ ಬದಲಿಸುವ ಕಾಲ. ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್ ಪ್ಯಾಕೇಜುಗಳನ್ನು ಕಾರಿನ ಕೈಪಿಡಿ ಕೇಳದಿದ್ದರೆ ಬಿಟ್ಟುಬಿಡಿ.

ಕೆಲಸ ನಿಜಕ್ಕೂ ಬೇಕೆನಿಸಿದರೆ ಪಾರ್ಟ್ ನಂಬರ್, ಎಂಆರ್‌ಪಿ, ಕೂಲಿ ಬೇರೆಬೇರೆಯಾಗಿ ಬರೆದ ಕೊಟೇಶನ್ ಕೇಳಿ. ಖಾಲಿ ಜಾಬ್ ಕಾರ್ಡಿಗೆ ಸಹಿ ಹಾಕಬೇಡಿ. ಆ ಕೊಟೇಶನ್ ಮತ್ತು ಕೋಡಿನ ಫೋಟೊ ಎರಡನ್ನೂ ಇನ್ನೊಬ್ಬ ಮೆಕ್ಯಾನಿಕ್‌ಗೆ ತೋರಿಸಿ. ‘ಈಗ ಬ್ಯಾಡ್ರಿ, ಮನ್ಯಾಗ ಕೇಳಿ ಹೇಳ್ತೀನಿ’ ಎಂದು ಎದ್ದುಬರಲು ಸಂಕೋಚ ಬೇಡ. ಬದಲಿಸಿದ ಹಳೆ ಭಾಗವನ್ನು ಜಿಎಸ್‌ಟಿ ಬಿಲ್ ಜೊತೆ ಕೇಳಿ ಪಡೆಯಿರಿ; ಬ್ಯಾಟರಿಯಾದರೆ ಹಳೆಯದರ ಎಕ್ಸ್‌ಚೇಂಜ್ ಬೆಲೆ ಬಿಲ್‌ನಲ್ಲಿ ಕಳೆದಿದೆಯೇ ನೋಡಿ. ತಕರಾರು ಬಗೆಹರಿಯದಿದ್ದರೆ ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಆಗ ಈ ಬಿಲ್ಲು, ಫೋಟೊಗಳೇ ಬೇಕಾಗುತ್ತವೆ.