ನಮ್ಮ ಕ್ಲಬ್ಬಿನ ಇಸವಿ ಸಿಕ್ಕಿದ್ದು ಹೀಗೆ (ನನ್ನ ಅನುಭವ)

ಅರಸೀಕೆರೆ ಕಡೆ ನಮ್ಮ ಕ್ರಿಕೆಟ್ ಕ್ಲಬ್ಬು ಶುರುವಾಗಿದ್ದು 1974ರಲ್ಲಿ ಅಂತಾನೇ ಎಲ್ರೂ ಹೇಳೋರು. ಆ ವರ್ಷ ಕರ್ನಾಟಕ ಮೊದಲ್ನೇ ಸಲ ರಣಜಿ ಗೆದ್ದಿತ್ತಲ್ಲ, ಸೆಮಿಫೈನಲ್ಲಲ್ಲಿ ಬಾಂಬೆ ಮೇಲೆ ವಿಶಿ (ಜಿ.ಆರ್. ವಿಶ್ವನಾಥ್) 162 ಹೊಡೆದಿದ್ದು, ಪ್ರಸನ್ನ ಗವಾಸ್ಕರ್‌ನ ಬೌಲ್ಡ್ ಮಾಡಿದ್ದು, ಆ ಜೋಶಲ್ಲೇ ನಮ್ಮೋರೂ ಕ್ಲಬ್ ಕಟ್ಟಿದ್ರು ಅಂತ. ಕತೆ ಚೆನ್ನಾಗಿದೆ, ಆದ್ರೆ ನಂಗೆ ಮೊದಲಿಂದ ಡೌಟು.

ಶುರು ಮಾಡಿದ್ದು ರಿಜಿಸ್ಟ್ರೇಷನ್ ಸರ್ಟಿಫಿಕೇಟಿಂದ. ದಂಡ. ಆಡೋಕೆ ಶುರು ಮಾಡಿ ಎಷ್ಟೋ ವರ್ಷ ಆದ್ಮೇಲೆ ಗ್ರಾಂಟ್ ಆಸೆಗೆ ಮಾಡ್ಸಿದ್ದು ಅದು, ನಕಲಿಗೆ ಅಲೆದಿದ್ದು ಪೆಟ್ರೋಲ್ ಸೇರಿ ಸಾವಿರದ ಹತ್ರ ಹೋಯ್ತು. ಆಮೇಲೆ ಹಳೇ ಆಟಗಾರರ ಮನೆ ಮನೆ ತಿರುಗಿದೆ, ಬನ್ನು ಟೀ ಖರ್ಚು ಬೇರೆ. ನೇರವಾಗಿ ಇಸವಿ ಕೇಳಿದ್ರೆ "ಅದೆಲ್ಲ ಎಲ್ಲಿ ನೆನಪಿರತ್ತಪ್ಪ" ಅಂತಾರೆ. ಅದಕ್ಕೆ "ಪಿಚ್ ಮೇಲೆ ಹಾಸೋ ಮ್ಯಾಟ್ ತಂದಾಗ ಇಂಡಿಯಾ ಕ್ಯಾಪ್ಟನ್ ಯಾರು ಸಾರ್" ಅಂತ ಕೇಳೋಕೆ ಶುರು ಮಾಡಿದೆ. ಒಬ್ರು ಥಟ್ ಅಂತ "ವಾಡೇಕರ್ ಕಣಯ್ಯಾ, ಓವಲ್‌ನಲ್ಲಿ ನಮ್ಮ ಚಂದ್ರ ಆರು ವಿಕೆಟ್ ತೆಗೆದ ಮೇಲೆ" ಅಂದ್ರು. ಅಂದ್ರೆ ಇಂಗ್ಲೆಂಡಲ್ಲಿ ಚಂದ್ರಶೇಖರ್ ಟೆಸ್ಟ್ ಗೆಲ್ಲಿಸಿದ 1971ರ ಆಗಸ್ಟ್ ಆದ್ಮೇಲೆ. ಕಮಿಟಿಯೋರು ನಕ್ಕರು, ಮುದುಕರ ಮಾತು ಅಂತ.

ಸರಿ, ಕಾಗದ ಬೇಕು. ಗೆದ್ದಲು ತಿಂದ ಒಂದು ಸ್ಕೋರ್‌ಬುಕ್ ಸಿಕ್ತು, ಪೆನ್ಸಿಲ್ಲಲ್ಲಿ ಬರೆದಿದ್ದು. ಒಂದು ಪುಟದ ಮೇಲೆ ಎದುರಾಳಿ ತಿಪಟೂರು, "ಫೆ. 13 ಭಾನುವಾರ", ಅಷ್ಟೇ, ಇಸವಿ ಇಲ್ಲ! ನಮ್ಮ ಓಪನರ್ ರನ್ ಔಟ್ ಅಂತ ಬರೆದು ಪಕ್ಕದಲ್ಲಿ ಯಾರೋ ಸಿಟ್ಟಿಗೆ ಎರಡು ಆಶ್ಚರ್ಯಚಿಹ್ನೆ ಹಾಕಿದಾರೆ. ಮಾಸಿದ ಜಾಗ ಓದೋಣ ಅಂತ ಮುನ್ನೂರು ಚಿಲ್ಲರೆ ಕೊಟ್ಟು ಯುವಿ ಟಾರ್ಚ್ ತರಿಸಿದೆ, ಪೆನ್ಸಿಲ್ ಮೇಲೆ ಏನೂ ಕೆಲಸ ಮಾಡ್ಲಿಲ್ಲ, ಆದ್ರೆ ಮನೆಯಲ್ಲಿರೋ ಹಳೇ ಇಂಕ್ ಪತ್ರಗಳ ಮೇಲೆ ಸಖತ್ತಾಗಿ ಕಾಣತ್ತೆ, ಒಂದು ವಾರ ಅದೇ ಆಟ ನಂದು. ಪೆನ್ಸಿಲ್ಲಿಗೆ ಮೊಬೈಲ್ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಬಿಟ್ರೆ ಸಾಕು, ಒತ್ತಿ ಬರೆದ ಗೆರೆ ಎದ್ದು ಕಾಣತ್ತೆ.

ಫೆಬ್ರವರಿ 13 ಭಾನುವಾರ ಬರೋದು 1966, 1972, 1977ರಲ್ಲಿ. ಮೂರರಲ್ಲಿ ಯಾವ್ದು? ಅದೇ ಮ್ಯಾಚಿಗೆ ತಿಪಟೂರಿನೋರು ಕಳಿಸಿದ್ದ ಪತ್ರ ಲಕೋಟೆ ಸಮೇತ ಸಿಕ್ತು. ಪತ್ರದಲ್ಲೂ ಇಸವಿ ಹಾಕಿಲ್ಲ ಪುಣ್ಯಾತ್ಮರು, ಮ್ಯಾಟ್ ನೀವೇ ತನ್ನಿ ರೈಲಲ್ಲಿ ಗಾರ್ಡ್ ಡಬ್ಬಿಗೆ ಹಾಕಿ ಅಂತ ಮಾತ್ರ ನೆಟ್ಟಗೆ ಬರೆದಿದಾರೆ, ಮೀಟರ್ ಗೇಜ್ ಕಾಲ ಅದು. ಪೋಸ್ಟ್ ಮುದ್ರೆ ಮಸಿ ಮಸಿ. ವಿಳಾಸದಲ್ಲಿ ಪಿನ್‌ಕೋಡ್ ಇಲ್ಲ, ಅದು ಬಂದಿದ್ದು 1972ರ ಆಗಸ್ಟ್ 15ಕ್ಕೆ, ಆದ್ರೆ ಆಮೇಲೂ ನಮ್ಮ ಕಡೆ ಯಾರು ಹಾಕ್ತಿದ್ರು, ಅದು ಪ್ರೂಫ್ ಅಲ್ಲ. ಮೂಲೇಲಿ ಐದು ಪೈಸೆದು ಇನ್ನೊಂದು ಪುಟ್ಟ ಸ್ಟಾಂಪ್ ಇತ್ತು, "ರೆಫ್ಯೂಜಿ ರಿಲೀಫ್" ಅಂತ. ಬಾಂಗ್ಲಾ ನಿರಾಶ್ರಿತರಿಗೋಸ್ಕರ ಸರ್ಕಾರ ಕಡ್ಡಾಯ ಮಾಡಿದ್ದು, 1971ರ ನವೆಂಬರ್ 15ರಿಂದ 1973ರ ಮಾರ್ಚ್ ತನಕ. ಆ ಗ್ಯಾಪಲ್ಲಿ ಭಾನುವಾರ ಬಿದ್ದ ಫೆಬ್ರವರಿ 13 ಒಂದೇ, 1972. ಮುಗೀತಲ್ಲ!

ಲಕೋಟೆ ಯಾರ ಮನೇಲಿ, ಹೇಗೆ ಈಚೆ ಬಂತು ಅಂತ ಕೇಳಬೇಡಿ, ಆ ದಾರಿ ನಂಗೆ ಇನ್ನೂ ಬೇಕು. ಒಂದು ಸುಳಿವು ಕೊಡ್ತೀನಿ, ಆ ಕಾಲದ ಆಟಗಾರರಿಗಿಂತ ಅವರ ತಮ್ಮಂದಿರನ್ನ ವಿಚಾರಿಸಿ.

"ಸ್ಟಾಂಪ್ ನೋಡಿ ಕ್ರಿಕೆಟ್ ಹಿಸ್ಟರಿ ಬರೀತಾನಂತೆ" ಅಂದಿದ್ದ ಕಾರ್ಯದರ್ಶಿ ಈಗ ಕ್ಲಬ್ ಬೋರ್ಡಲ್ಲಿ ಇಸವಿ ಬದಲಾಯಿಸಿದಾರೆ. ಒಟ್ಟು ನಾಲ್ಕು ಸಾವಿರದ ಆಸುಪಾಸು ಖರ್ಚಾಗಿದೆ, ಖಜಾಂಚಿ ಅರ್ಧ ಕೊಟ್ಟಿದಾರೆ, ಯುವಿ ಟಾರ್ಚಿಂದು ಕ್ಲಬ್ ಲೆಕ್ಕಕ್ಕೆ ಬರಲ್ವಂತೆ. ಈಗ ಪಕ್ಕದೂರಿನೋರು ಫೋನ್ ಮಾಡಿ ತಮ್ಮದು 1965 ಅಂತಿದಾರೆ. ಕಾಗದ ತೋರ್ಸಿ ಅಂದಿದೀನಿ.